ಎಳೆದರೆ ತಾನೇ ಬೀಳುವ ಬೀಗ

ಬೀಗ ಹಾಕಿ, ಬೀಗದಕೈಯನ್ನು ಜೇಬಿಗೆ ಇಳಿಸಿ, ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಹೊರಟುಬಿಡುವವರನ್ನು ಕಂಡರೆ ನನಗೆ ಈಗ ಒಂದು ಬಗೆಯ ಭಕ್ತಿ ಹುಟ್ಟುತ್ತದೆ. ನಾನು ಹಾಗಲ್ಲ. ಬೀಗ ಹಾಕಿದ ಮೇಲೆ ಅದನ್ನು ಹಿಡಿದು ಜಗ್ಗುತ್ತೇನೆ. ಮೆಟ್ಟಿಲಿಳಿದ ಮೇಲೆ, ಜಗ್ಗಿದ್ದು ನಿಜವೋ ಜಗ್ಗಿದಂತೆ ಅನ್ನಿಸಿದ್ದೋ ಎಂದು ಸಂದೇಹ ಬಂದು ವಾಪಸು ಹೋಗಿ ಮತ್ತೆ ಜಗ್ಗುತ್ತೇನೆ. ಇಷ್ಟು ಜಗ್ಗಿದ್ದರಿಂದ ಬೀಗ ಎಲ್ಲಿ ಸಡಿಲವಾಯಿತೋ ಎಂಬ ಚಿಂತೆಯನ್ನು ಹೊತ್ತುಕೊಂಡೇ ಪೇಟೆಗೆ ಹೋಗುತ್ತೇನೆ. ಹುಟ್ಟಿನಿಂದ ಬಂದ ಗುಣ ಇದಲ್ಲ. ಬಹಳ ಕಾಲ ನಮ್ಮ ಮನೆಗೆ ಇದ್ದದ್ದು ಒಂದು ಹಿತ್ತಾಳೆಯ ಹಳೆಯ ಬೀಗ. ಅದರ ಬೀಗದಕೈ ಕಳೆದುಹೋಗಿ ಎಷ್ಟೋ ಕಾಲವಾಗಿತ್ತು. ಸ್ವಲ್ಪ ಮೇಲಕ್ಕೆತ್ತಿ ಎಡಕ್ಕೆ ತಿರುವಿದರೆ ತೆರೆದುಕೊಳ್ಳುತ್ತಿತ್ತು. ಈ ವಿದ್ಯೆ ನಮ್ಮ ಬೀದಿಯವರಿಗೆಲ್ಲ ಗೊತ್ತಿತ್ತು. ಬಂದವರಿಗೆ ‘ಮನೆಯಲ್ಲಿ ಜನರಿಲ್ಲ’ ಎಂದು ತಿಳಿಸುವುದಷ್ಟೇ ಅದರ ಕೆಲಸವಾಗಿತ್ತು, ಅದನ್ನದು ನಿಷ್ಠೆಯಿಂದ ಮಾಡುತ್ತಿತ್ತು.

ಅಂಥ ಬೀಗ ನಮಗೆ ಸಾಕು ಎನ್ನಿಸಿದ್ದಕ್ಕೆ ಕಾರಣವೂ ಇತ್ತು. ಕೊಪ್ಪದಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಇದೆ ಎಂದರೆ, ಮನೆಯ ಮುಂದಿನ ಕೋಣೆಯಲ್ಲಿ ಟೈಪ್‌ರೈಟರುಗಳು ಸಾಲಾಗಿ ಕುಳಿತಿವೆ; ಅವುಗಳ ಮುಂದೆ ಕುಳಿತುಕೊಳ್ಳುವವರು ಮಾತ್ರ ಕಡಿಮೆಯಾಗಿದ್ದಾರೆ. ಮೇಲಿನ ರಸ್ತೆಯಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಶುರುವಾದ ಮೇಲೆ ನನ್ನ ಬಳಿ ಬರುವವರು, ಅಲ್ಲಿ ಜಾಗ ಸಿಗುವವರೆಗೆ ಬೆರಳು ಪಳಗಲಿ ಎಂದು ಬರುವವರು. ಒಂದೊಂದು ಯಂತ್ರವೂ ಒಂದು ಹೋರಿಕರುವಿನಷ್ಟು ಭಾರ. ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನಿದೆ ಎಂಬ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಸಾವಿತ್ರಿ ಹೇಳುತ್ತಿದ್ದಳು: “ಕಳ್ಳ ಬಂದು ಈ ಟೈಪ್‌ರೈಟರ್ ಹೊತ್ಕಂಡು ಹೋಗ್ತಾನೆ ಅಂತಾದ್ರೆ ಹೇಳಿ, ನಾನೇ ಬಾಗ್ಲು ತೆಗ್ದಿಟ್ಟು, ಅವಂಗೆ ಕಾಫಿನೂ ಮಾಡಿಡ್ತೀನಿ.” ಸೀರೆ ಒಣಗಿಸಲು ಹೊರಟರೆ ಒಂದು ಯಂತ್ರ, ಚಾಪೆ ಬಿಡಿಸಲು ಹೊರಟರೆ ಇನ್ನೊಂದು ಯಂತ್ರ ಅಡ್ಡ ಬರುತ್ತದೆ ಎಂಬುದು ಅವಳ ದೂರು.

ಇನ್ನು ನನ್ನನ್ನು ಹೀಗೆ ಕೆಡಿಸಿದ ಘಟನೆ. ನಮ್ಮ ಎದುರುಮನೆಯ ಗೌರಕ್ಕನ ಬಳಿ ಅವರ ಅತ್ತೆಯ ಕಾಲದಿಂದ ಬಂದ ದೊಡ್ಡ ಪಾತ್ರೆಗಳಿದ್ದವು. ತಾಮ್ರದ ಹಂಡೆ, ಅನ್ನ ಬಸಿಯುವ ಚರಿಗೆ, ಪಾಯಸ ಕಾಯಿಸುವ ಕಡಾಯಿ, ಮೊಣಕೈ ಉದ್ದದ ಸೌಟುಗಳು. ಬೀದಿಯಲ್ಲಿ ಯಾರ ಮನೆಯಲ್ಲಿ ಶ್ರಾದ್ಧವಾಗಲಿ, ಉಪನಯನವಾಗಲಿ, ಸತ್ಯನಾರಾಯಣ ಪೂಜೆಯಾಗಲಿ, ಬಂದು ತೆಗೆದುಕೊಂಡು ಹೋಗುವುದು, ಮುಗಿದ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದಿಡುವುದು. ಗೌರಕ್ಕ ಮನೆಯಲ್ಲಿಲ್ಲದಿದ್ದರೂ ನಡೆಯುತ್ತಿತ್ತು, ಯಾಕೆಂದರೆ ಅವರ ಬೀಗದಕೈ ಬಾಗಿಲ ದಾರಂದದ ಮೇಲೇ ಇರುತ್ತಿತ್ತು. ಪಾತ್ರೆ ಹೊರುವವರನ್ನು ‘ಯಾರಪ್ಪ ನೀವು’ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆ ಅಲ್ಲ. ಕೇಳಬೇಕಾದದ್ದು ‘ಯಾರ ಮನೇಲಿ ಎಂತ ವಿಶೇಷ’ ಎಂದು. ಅಷ್ಟೇ.

ಆ ದಿನ ಗೌರಕ್ಕ ಮತ್ತು ಅವರ ಯಜಮಾನರು ಶೃಂಗೇರಿಗೆ ಹೋಗಿದ್ದರು. ನಾನು ಜಗಲಿಯಲ್ಲಿ ಕುಳಿತು ಒಂದು ಯಂತ್ರದ ರಿಬ್ಬನ್ ಬದಲಿಸುತ್ತಿದ್ದೆ. ಬೆಳಗಿನ ಬಿಸಿಲು ಎದುರುಮನೆಯ ಮೆಟ್ಟಿಲಿಗೆ ಬಂದಿತ್ತು. ಒಂದು ಗೂಡ್ಸ್ ಆಟೋ ಬಂದು ನಿಂತಿತು. ಇಬ್ಬರು ಇಳಿದರು. ಒಬ್ಬ ಎತ್ತರ, ಇಸ್ತ್ರಿ ಮಾಡಿದ ತಿಳಿಹಸಿರು ಅಂಗಿ. ಇನ್ನೊಬ್ಬ ಕುಳ್ಳ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್. ಎತ್ತರದವನು ದಾರಂದದ ಮೇಲೆ ಕೈಯಾಡಿಸಿ ಬೀಗದಕೈ ತೆಗೆದ. ನಾನು ಕೇಳಬೇಕಾದದ್ದನ್ನು ಕೇಳಿದೆ.

“ಎಲ್ಲಿ ಕಾರ್ಯ?”

“ಕಮ್ಮರಡಿ ಬದಿ ಸಾರ್. ಗೃಹಪ್ರವೇಶ,” ಎಂದ ಟವೆಲ್ಲಿನವನು.

“ಜನ ಎಷ್ಟು ಆಗಬಹುದು?”

“ಊರಿಗೆಲ್ಲ ಹೇಳಿದೆ ಸಾರ್.”

ಊರಿಗೆಲ್ಲ ಹೇಳಿದ್ದರೆ ಆ ಸಣ್ಣ ಕಡಾಯಿ ಸಾಲದು, ಒಳಗೆ ಅಟ್ಟದ ಕೆಳಗೆ ದೊಡ್ಡದಿದೆ, ಅದನ್ನೂ ತೆಗೆದುಕೊಳ್ಳಿ ಎಂದು ನಾನು ಹೇಳಿದೆ. ಯಾರೂ ಒತ್ತಾಯ ಮಾಡದೆ ನನ್ನಷ್ಟಕ್ಕೆ ಹೇಳಿದೆ. ಹಂಡೆಯನ್ನು ಇಬ್ಬರೇ ಎತ್ತಲಾರದೆ ಒದ್ದಾಡುತ್ತಿದ್ದಾಗ ರಿಬ್ಬನ್ ಕೆಳಗಿಟ್ಟು ಹೋಗಿ ಒಂದು ಕಡೆ ಕೈಕೊಟ್ಟೆ. ಅವರು ಹಗ್ಗ ಕಟ್ಟಿದ ರೀತಿ ನನಗೆ ಸರಿಬರಲಿಲ್ಲ; ಇಳಿಜಾರಿನಲ್ಲಿ ಹಂಡೆ ಉರುಳುತ್ತದೆ ಎಂದು ಬಿಚ್ಚಿಸಿ ನಾನೇ ಕಟ್ಟಿದೆ. ಆಟೋ ಹೊರಟು ಬೀದಿಯ ತಿರುವಿಗೆ ಹೋಗಿರಬೇಕು, ನೋಡುತ್ತೇನೆ, ಹಂಡೆಯ ಮುಚ್ಚಳ ಮೆಟ್ಟಿಲಿನ ಮೇಲೇ ಉಳಿದಿದೆ! ಮುಚ್ಚಳವನ್ನು ಎತ್ತಿಕೊಂಡು, “ಹೋಯ್, ನಿಲ್ಲಿಸಿ, ನಿಲ್ಲಿಸಿ” ಎಂದು ಕೂಗುತ್ತ ಓಡಿದೆ. ಅವರು ಒಮ್ಮೆ ಹಿಂದಿರುಗಿ ನೋಡಿ ಆಟೋದ ವೇಗ ಹೆಚ್ಚಿಸಿದಂತೆ ಕಂಡಿತು. ಆಮೇಲೆ ನನ್ನ ಕೈಯಲ್ಲಿದ್ದದ್ದು ಏನೆಂದು ಕಂಡಿರಬೇಕು, ನಿಲ್ಲಿಸಿದರು. ಎತ್ತರದವನು ಮುಚ್ಚಳವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಬಹಳ ಉಪಕಾರ ಆಯ್ತು ಸಾರ್,” ಎಂದ. ತಿಕ್ಕಿ ತಂದಿಡಿ ಎಂದು ಹೇಳಿ ನಾನು ಏದುಸಿರು ಬಿಡುತ್ತ ಹಿಂದಿರುಗಿದೆ. ಮನಸ್ಸಿಗೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಸಂಜೆ ಗೌರಕ್ಕ ಬಂದು, ಬಾಗಿಲು ತೆಗೆದು, ಒಂದು ಕ್ಷಣ ಬಿಟ್ಟು ಕೂಗಿದರು. ಪಾತ್ರೆಗಳ ಜೊತೆಗೆ ದೇವರ ಮುಂದಿನ ಬೆಳ್ಳಿಯ ದೀಪವೂ ಹೋಗಿತ್ತು. ಕಮ್ಮರಡಿಯಲ್ಲಿ ಅವರಿಗೆ ಗೊತ್ತಿರುವ ಯಾರ ಮನೆಯಲ್ಲಿಯೂ ಗೃಹಪ್ರವೇಶವಿರಲಿಲ್ಲ.

ಪೊಲೀಸರು ಬಂದರು. ನೋಡಿದವರು ಯಾರು ಎಂದು ಕೇಳಿದರು. ಬೀದಿಯೆಲ್ಲ ನನ್ನ ಕಡೆ ತಿರುಗಿತು. ನಾನು ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದೆ. ಅಂಗಿಯ ಎರಡನೆಯ ಗುಂಡಿಯ ದಾರ ಬಿಳಿ, ಉಳಿದವುಗಳದ್ದು ಹಸಿರು. ಟವೆಲ್ಲಿನವನ ಬಲಗಿವಿಯ ಹಿಂದೆ ಮಚ್ಚೆ. ಆಟೋದ ಹಿಂಬದಿಯ ಹಲಗೆಯ ಕೊಂಡಿ ಮುರಿದು ತಂತಿ ಸುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತಲೇ ಇದ್ದರು. ಅವರ ಮುಖದಲ್ಲಿ ಸಂತೋಷ ಹೆಚ್ಚುತ್ತಿತ್ತು. “ಇಂಥ ಸಾಕ್ಷಿ ಸಿಗದು ಅಪರೂಪ ಮಾರಾಯ್ರೆ. ಗಾಡಿ ನಂಬರ್ ಹೇಳಿ ಈಗ,” ಎಂದರು.

“ನಂಬರ್ ಕಾಣಲಿಲ್ಲ.”

“ಇಷ್ಟೆಲ್ಲ ಕಂಡೋರಿಗೆ ನಂಬರ್ ಕಾಣ್ಲಿಲ್ವ?”

“ನಂಬರಿನ ಮೇಲೆ ಹಗ್ಗ ಬಂದಿತ್ತು.”

“ಅಲ್ಲಿ ಎಂತಕ್ಕೆ ಬಂತು ಹಗ್ಗ?”

“ನಾನು ಅಲ್ಲಿ ಕಟ್ಟಿದ್ದೆ,” ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಗೌರಕ್ಕ ಒಳ್ಳೆಯವರು, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. “ಹಂಡೆ ಹೋಯ್ತು ಅಂತ ಬೇಜಾರಿಲ್ಲ ಮೇಷ್ಟ್ರೇ, ಮುಚ್ಚಳ ಇಲ್ದೆ ಅದು ಹೋಗಿದ್ರೆ ಬೇಜಾರಾಗ್ತಿತ್ತು,” ಎಂದು ಅವರು ಆಗಾಗ ಹೇಳುತ್ತಿದ್ದರು. ಬೀದಿಯವರಿಗೆ ಅದೇ ಸಾಕಾಯಿತು. ತರಕಾರಿ ಚೀಲ ಹಿಡಿದು ಹೋಗುವವರು ನಮ್ಮ ಜಗಲಿಯ ಮುಂದೆ ನಿಂತು, “ಸ್ವಲ್ಪ ಕೈ ಕೊಡ್ತೀರಾ ಮೇಷ್ಟ್ರೇ?” ಎಂದು ಕೇಳುವುದು ಶುರುವಾಯಿತು.

ನಗುವವರು ನಗಲಿ, ನನಗೆ ಒಳಗೊಳಗೇ ನಡುಕ ಹಿಡಿದಿತ್ತು. ಕಳ್ಳ ಎಂದರೆ ಮುಖ ಮುಚ್ಚಿಕೊಂಡು ಬರುವವನು, ಕಂಡರೆ ಓಡುವವನು ಎಂದು ನಾನು ನಂಬಿದ್ದೆ. ಇವರು ನನ್ನ ಮುಖ ನೋಡಿ ಮಾತಾಡಿದ್ದರು, ಸಾರ್ ಎಂದಿದ್ದರು, ಉಪಕಾರ ನೆನೆದಿದ್ದರು. ಹಾಗಾದರೆ ಇನ್ನು ಯಾರನ್ನು ನೋಡಿ ಏನೆಂದು ತಿಳಿಯುವುದು? ಹಾಲಿನವನು ಬಂದರೂ ಅವನ ಗುಂಡಿಯ ದಾರ ನೋಡುತ್ತಿದ್ದೆ. ಮನೆ ಬಿಟ್ಟು ಹೊರಗೆ ಹೋಗುವುದು ಕಡಿಮೆಯಾಯಿತು. ಸಾವಿತ್ರಿ ಮನೆಯಲ್ಲಿದ್ದರೆ ನಾನು ಹೊರಗೆ, ನಾನು ಮನೆಯಲ್ಲಿದ್ದರೆ ಅವಳು ಹೊರಗೆ. ಇಬ್ಬರೂ ಒಟ್ಟಿಗೆ ಬಾಗಿಲು ಎಳೆದುಕೊಂಡು ಹೋಗುವುದು ನಿಂತೇ ಹೋಯಿತು.

ಅದೇ ಬೇಸಿಗೆಯಲ್ಲಿ ಸಹನಾಳ ಮದುವೆ ನಿಶ್ಚಯವಾಯಿತು. ಸಹನಾ ಸಾವಿತ್ರಿಯ ಅಣ್ಣನ ಮಗಳು, ಸೀತೂರಿನವಳು. ತಾಯಿ ಇಲ್ಲದ ಹುಡುಗಿ. ಹೈಸ್ಕೂಲು, ಕಾಲೇಜು ಎಲ್ಲ ನಮ್ಮ ಮನೆಯಲ್ಲೇ ಇದ್ದು ಓದಿದಳು. ಮಕ್ಕಳಿಲ್ಲದ ನಮಗೆ ಅವಳೇ ಮಗಳು. ಟೈಪ್‌ರೈಟರಿನ ಸದ್ದಿನ ನಡುವೆ ಪಾಠ ಓದಿ ಪಾಸಾದವಳು ಅವಳೊಬ್ಬಳೇ. ನಮ್ಮಲ್ಲಿ ಕನ್ಯಾದಾನಕ್ಕೆ ದಂಪತಿಗಳೇ ಕೂರಬೇಕು. ಹೆಂಡತಿ ಇಲ್ಲದವನು ಒಬ್ಬನೇ ಧಾರೆ ಎರೆಯುವ ಪದ್ಧತಿ ಇಲ್ಲ. ಭಾವ ಸೀತೂರಿನಿಂದ ಬಂದು, ಜಗಲಿಯಲ್ಲಿ ಕುಳಿತು, ಬಹಳ ಹೊತ್ತು ಅಡಿಕೆ ಕತ್ತರಿಸಿ, ಕೊನೆಗೆ ಹೇಳಿದರು. “ಧಾರೆ ನೀವಿಬ್ರೇ ಎರೆದು ಕೊಡ್ಬೇಕು ಭಾವ. ಅವಳೂ ಅದನ್ನೇ ಹೇಳ್ತಾಳೆ.” ಸಾವಿತ್ರಿ ಒಳಗೆ ಹೋಗಿ ತನ್ನ ತಾಯಿಯ ಕಾಲದ ತಾಮ್ರದ ಗಿಂಡಿಯನ್ನು ತಂದು ತೋರಿಸಿದಳು. ಸಾವಿತ್ರಿಯ ಧಾರೆಗೆ ನೀರು ಬಿದ್ದದ್ದು ಅದರ ಕೊಕ್ಕಿನಿಂದಲೇ, ಸಹನಾಳ ತಾಯಿ ಸೀತೂರಿನ ಮನೆಗೆ ಬಂದದ್ದೂ ಅದರ ನೀರಿನಿಂದಲೇ. ಸಹನಾಳಿಗೂ ಅದೇ ಆಗಬೇಕು ಎಂದು ಅಣ್ಣ-ತಂಗಿ ಇಬ್ಬರೂ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಒರೆಸಿಕೊಳ್ಳುತ್ತಲೇ ನನಗೆ ಹೊಳೆದದ್ದು: ಮದುವೆ ನರಸಿಂಹರಾಜಪುರದ ಛತ್ರದಲ್ಲಿ. ನಾವಿಬ್ಬರೂ ಹೋಗಬೇಕು. ಎದುರುಮನೆಯವರೂ ಬರುತ್ತಾರೆ. ಮನೆಯಲ್ಲಿ ಯಾರಿರುತ್ತಾರೆ?

ಇದನ್ನು ಬಾಯಿಬಿಟ್ಟು ಹೇಳಿದ ದಿನ ಸಾವಿತ್ರಿ ನನ್ನನ್ನು ದಿಟ್ಟಿಸಿ ನೋಡಿದಳು. “ಹುಡುಗಿ ಕೈ ಹಿಡ್ದು ಕೊಡಕ್ಕೆ ನೀವು ಬರ್ಬೇಕೋ, ಟೈಪ್‌ರೈಟರ್ ಕಾಯ್ಕಂಡು ಇಲ್ಲೇ ಕೂರ್ಬೇಕೋ, ಇವತ್ತೇ ಹೇಳಿಬಿಡಿ. ಅಣ್ಣಂಗೆ ಬೇರೆ ದಂಪತಿ ಹುಡುಕ್ಕಳಕ್ಕೆ ಟೈಮ್ ಬೇಕಲ,” ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಅಂದೇ ಪೇಟೆಗೆ ಹೋದೆ.

ಹಾರ್ಡ್‌ವೇರ್ ಅಂಗಡಿಯವರಿಗೆ ನನ್ನ ಕಥೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಮುಖ ಮಾಡಿಕೊಂಡು, “ಎಂಥ ಬೀಗ ಬೇಕು, ಒಳಗಿಂದ ಹೊರಗೆ ಹೋಗದಂಗೋ, ಹೊರಗಿಂದ ಒಳಗೆ ಬರದಂಗೋ?” ಎಂದರು. ನೇತಾಡುವ ಬೀಗಗಳನ್ನೆಲ್ಲ ತೋರಿಸಿ, ಕಬ್ಬಿಣದ ಸರಳು ಹಾಕಿ ಮೀಟಿದರೆ ಕೊಂಡಿಯೇ ಕಿತ್ತು ಬರುತ್ತದೆ ಎಂದು ಹೆದರಿಸಿ, ಕೊನೆಗೆ ಬಾಗಿಲ ಒಳಗೇ ಕೂರುವ ಒಂದು ಹೊಸ ಮಾದರಿಯನ್ನು ಪೆಟ್ಟಿಗೆಯಿಂದ ತೆಗೆದರು. “ಇದಕ್ಕೆ ಹಾಕದು ಅಂತಿಲ್ಲ ಮಾರಾಯ್ರೆ. ಬಾಗ್ಲು ಎಳೆದ್ರೆ ತಾನೇ ಬೀಳ್ತದೆ. ನೀವು ಮರೆತ್ರೂ ಅದು ಮರೆಯಲ್ಲ.” ನನಗಿಂತ ಹೆಚ್ಚು ಎಚ್ಚರವಿರುವ ವಸ್ತುವನ್ನು ಆ ಹೊತ್ತಿನಲ್ಲಿ ಯಾರು ತೋರಿಸಿದ್ದರೂ ನಾನು ತೆಗೆದುಕೊಳ್ಳುತ್ತಿದ್ದೆ.

ಬಡಗಿ ಮಂಜಪ್ಪಾಚಾರ್ ಬಂದು ನಮ್ಮ ಹಲಸಿನ ಬಾಗಿಲನ್ನು ತಟ್ಟಿ ನೋಡಿ, ಇಂಥ ಮರ ಈಗ ಸಿಗುವುದಿಲ್ಲ ಎಂದು ಒಂದಷ್ಟು ಹೊಗಳಿ, ಅದಕ್ಕೆ ತೂತು ಕೊರೆದರು. ಬೀಗ ಕೂತಿತು. ಕಿಟಕಿಗೆ ಇದ್ದ ಸರಳುಗಳ ಹಿಂದೆ ಇನ್ನೊಂದು ಜಾಲರಿ ಬಂತು. ಹಿತ್ತಿಲ ಬಾಗಿಲಿನ ಮರದ ಅಗುಳಿಯ ಮೇಲೆ ಕಬ್ಬಿಣದ ಪಟ್ಟಿ ಬಂತು. “ಇನ್ನು ಗಾಳಿ ಬರ್ಬೇಕು ಅಂದ್ರೂ ನಿಮ್ಮನ್ನ ಕೇಳಿ ಬರ್ಬೇಕು,” ಎಂದು ಆಚಾರ್ರು ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಂಡರು. ಬೀಗದ ಜೊತೆ ಒಂದಕ್ಕಿಂತ ಹೆಚ್ಚು ಬೀಗದಕೈ ಬಂದಿದ್ದವು. ಒಂದನ್ನು ಗೌರಕ್ಕನ ಮನೆಯಲ್ಲಿಡೋಣ ಎಂದಳು ಸಾವಿತ್ರಿ. ಗೌರಕ್ಕನ ಮನೆಯಲ್ಲಿಟ್ಟದ್ದು ಏನಾಯಿತು ಎಂದು ನಾನೇ ಕಣ್ಣಾರೆ ಕಂಡವನು. ಆದ್ದರಿಂದ ಉಳಿದ ಬೀಗದಕೈಗಳನ್ನು ಯಾರಿಗೂ ಸಿಗದಂತೆ ಒಳಗಿನ ಬೀರುವಿನಲ್ಲಿಟ್ಟೆ. ಹೀಗೆ ಬೀಗದಕೈಗಳನ್ನು ಬೀಗವೇ ಕಾಯುವಂತಾಯಿತು. ಆಗ ನನಗೆ ಇದು ಬಹಳ ಬುದ್ಧಿವಂತಿಕೆಯ ಏರ್ಪಾಡಾಗಿ ಕಂಡಿತು.

ಹೊಸ ಬೀಗದೊಡನೆ ಸಂಸಾರ ಸುಲಭವಾಗಿರಲಿಲ್ಲ. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿಂಬಾಗಿಲು ಮುಚ್ಚಿರಬೇಕು. ಲಕ್ಷ್ಮಿ ಒಳಗೆ ಬರುವ ಹೊತ್ತು ಅದು. ಆ ಹೊತ್ತಿನಲ್ಲೇ ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬರುವವಳು ಲಕ್ಷ್ಮಿಯೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವವನ ಹಾಗೆ ಕೂರುತ್ತಿದ್ದೆ. “ನಿಮ್ಮ ಮುಖ ಕಂಡು ಅವಳು ಆಚೆಮನೆಗೇ ಹೋಗ್ತಾಳೆ,” ಎಂದು ಸಾವಿತ್ರಿ ಬತ್ತಿ ಹೊಸೆಯುತ್ತ ಹೇಳುತ್ತಿದ್ದಳು.

ಮದುವೆಯ ದಿನ ಬಂತು. ಮುಹೂರ್ತ ಮಧ್ಯಾಹ್ನಕ್ಕೆ, ಅಭಿಜಿನ್ ಲಗ್ನ. ಹಿಂದಿನ ದಿನವೇ ಹೋಗೋಣ ಎಂದು ಸಾವಿತ್ರಿ ಹೇಳಿದ್ದಳು. ಮನೆಯನ್ನು ರಾತ್ರಿ ಬಿಡಲಾರೆ ಎಂದು ನಾನು ಹಟ ಹಿಡಿದು ಬೆಳಿಗ್ಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಬಾಡಿಗೆ ಜೀಪು ಬಂದು ನಿಂತಿತ್ತು. ಸಾಮಾನುಗಳನ್ನು ಒಳಗೆ ಇಟ್ಟುಕೊಳ್ಳಿ, ಒಂದು ಚಹಾ ಕುಡಿದು ಬರುತ್ತೇನೆ ಎಂದು ಡ್ರೈವರ್ ಮೇಲಿನ ಹೋಟೆಲಿಗೆ ಹೋಗಿದ್ದ. ಗೌರಕ್ಕನ ಯಜಮಾನರು ಮೊದಲ ಬಸ್ಸಿಗೇ ಹೋಗಿಯಾಗಿತ್ತು. ಗೌರಕ್ಕ ನಮ್ಮ ಜೊತೆ ಬರುವುದೆಂದು ಮಾತು. ಸಾವಿತ್ರಿ ರೇಷ್ಮೆ ಸೀರೆ ಉಟ್ಟು ಅವರ ಮನೆಗೆ ಮಲ್ಲಿಗೆ ಮುಡಿಯಲು ಹೋಗಿದ್ದಳು. ನಾನು ಸ್ನಾನ ಮಾಡಿ, ಪಂಚೆ ಬನಿಯನ್ನಿನಲ್ಲಿ ಚೀಲಗಳನ್ನು ಜೀಪಿಗೆ ಸಾಗಿಸುತ್ತಿದ್ದೆ. ಜರತಾರಿ ಪಂಚೆ, ಶಲ್ಯ, ಅಂಗಿ ಒಳಗೆ ಕುರ್ಚಿಯ ಮೇಲಿದ್ದವು. ಗಿಂಡಿಯನ್ನು ಹುಳಿ ಹಚ್ಚಿ ಬೆಳಗಿಸಿ, ಮರೆಯಬಾರದೆಂದು ಕಣ್ಣಿಗೆ ಬೀಳುವಂತೆ ಟೈಪ್‌ರೈಟರಿನ ಮೇಲೇ ಇಟ್ಟಿದ್ದೆ. ಬೀಗದಕೈ ಅಂಗಿಯ ಜೇಬಿನಲ್ಲಿತ್ತು. ಎಲ್ಲವೂ ಅದರದರ ಜಾಗದಲ್ಲಿತ್ತು.

ಕೊನೆಯ ಚೀಲ ಹೊತ್ತು ಹೊರಬಂದೆ. ಜೀಪಿನವರೆಗೆ ಹೋಗಿ ಬರುವಷ್ಟರಲ್ಲಿ ತೆರೆದ ಬಾಗಿಲಿನಿಂದ ಯಾರಾದರೂ ಹೊಕ್ಕರೆ? ಇಸ್ತ್ರಿ ಅಂಗಿ ಹಾಕಿ, ಸಾರ್ ಎಂದು ಹೇಳುವವರು? ಹಾಗೆ ಯೋಚಿಸಿದೆ ಎಂದೂ ಹೇಳಲಾರೆ. ಕೈ ತಾನಾಗಿ ಹಿಂದಕ್ಕೆ ಹೋಗಿ ಬಾಗಿಲನ್ನು ಎಳೆಯಿತು. ಒಳಗಿಂದ ‘ಟಕ್’ ಎಂದು ಒಂದು ಸದ್ದು ಬಂತು. ಬಹಳ ಅಚ್ಚುಕಟ್ಟಾದ ಸದ್ದು. ಚೀಲ ಹಿಡಿದು ಅಲ್ಲೇ ನಿಂತೆ. ಆಮೇಲೆ ಅಭ್ಯಾಸಬಲದಿಂದ ಬಾಗಿಲನ್ನು ಜಗ್ಗಿ ನೋಡಿದೆ. ಬೀಗ ಸರಿಯಾಗಿ ಬಿದ್ದಿತ್ತು.

ಸಾವಿತ್ರಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಆಮೇಲೆ ಮಲ್ಲಿಗೆಯ ದಂಡೆ ಮುಡಿಯಲ್ಲಿ ಅರ್ಧ ಜೋತಾಡುತ್ತಿದ್ದಂತೆಯೇ ಬಂದು ಕಿಟಕಿಯ ಸರಳು, ಜಾಲರಿ ಎರಡನ್ನೂ ದಾಟಿ ಒಳಗೆ ನೋಡಿದಳು. ಗಿಂಡಿ ಟೈಪ್‌ರೈಟರಿನ ಮೇಲೆ ಹೊಳೆಯುತ್ತ ಕುಳಿತಿತ್ತು. “ಅದೇ ನೋಡಿ, ಕಾಣ್ತಾ ಇದೆ,” ಎಂದೆ. ಯಾಕೆ ಹೇಳಿದೆನೋ. “ಕಳ್ಳ ಬರ್ತಾನೆ, ಕಳ್ಳ ಬರ್ತಾನೆ ಅಂತ ಊರಲ್ಲಿಲ್ಲದ ಬೀಗ ಹಾಕ್ಸಿದ್ರಿ. ಈಗ ಒಬ್ಬ ಕಳ್ಳನಾದ್ರೂ ಬರಬಾರದಾ, ಬಾಗ್ಲು ತೆಗೆಯಕ್ಕೆ!” ಎಂದು ಅವಳು ಶುರು ಮಾಡಿದಳು.

ಗೌರಕ್ಕನ ಮನೆಯ ಫೋನಿನಿಂದ ಮಂಜಪ್ಪಾಚಾರ್ರ ಮೊಬೈಲಿಗೆ ಮಾಡಿದೆವು. ಅವರು ಸಿರಿಮನೆ ಕಡೆ ಕೆಲಸಕ್ಕೆ ಹೋಗಿದ್ದರು. ಕೊಪ್ಪಕ್ಕೇ ಆಗ ಸಿಗ್ನಲ್ ಬರುವುದು ಹೋಗುವುದು. ಸಿರಿಮನೆಯಲ್ಲಿ ಅವರು ಯಾವ ದಿಬ್ಬದ ಮೇಲೆ ನಿಂತಿದ್ದರೋ. “ಹೊರಗಿಂದ ತೆಗೆಯಕ್ಕೆ ಬರ್ತದಾ ಆಚಾರ್ರೆ?” ಎಂದು ಕಿರುಚಿದೆ.

“ಎಂತ ಮಾತು ಅಂತ ಆಡ್ತೀರಿ! ನಾನು ಕೂರ್ಸಿದ ಬೀಗ ಹೊರಗಿಂದ ತೆಗೆಯಕ್ಕೆ ಬರ್ತದೆ ಅಂತಾದ್ರೆ ನಾನು ಎಂತಕ್ಕೆ ಆಚಾರಿ?” ಎಂದು ಅವರು ನೊಂದುಕೊಂಡರು. “ಬಾಗ್ಲು ಕೊಯ್ಯಕ್ಕೆ ಮಾತ್ರ ಹೋಗ್ಬೇಡಿ ಮಾರಾಯ್ರೆ, ಹಲಸಿನ ಮರ—” ಎಂಬಲ್ಲಿಗೆ ಸಿಗ್ನಲ್ ಹೋಯಿತು.

ಗಿಂಡಿ ಬಿಟ್ಟು ಹೋಗೋಣ, ಛತ್ರದಲ್ಲಿ ಬೇರೆ ಸಿಗುತ್ತದೆ ಎಂದು ನಾನು ಮೆಲ್ಲಗೆ ಹೇಳಿದೆ. ಸಾವಿತ್ರಿ ಬೈಯುವುದನ್ನು ನಿಲ್ಲಿಸಿದಳು. “ಸಹನಾಳ ಅಮ್ಮನ ಕೈಗೆ ಬಿದ್ದ ನೀರು ಅದರದ್ದು,” ಎಂದಳು. ಅವಳು ಮೆಟ್ಟಿಲ ಮೇಲೆ ರೇಷ್ಮೆ ಸೀರೆಯಲ್ಲಿ ಹಾಗೇ ಕುಳಿತುಬಿಟ್ಟಳು. ಬಿಸಿಲು ಏರುತ್ತಿತ್ತು.

ಆಗ ಗೌರಕ್ಕ ಸೊಂಟಕ್ಕೆ ಕೈಯಿಟ್ಟು ನಮ್ಮ ಮನೆಯನ್ನು ಮೇಲಿಂದ ಕೆಳಕ್ಕೆ ನೋಡುತ್ತಿದ್ದವರು, “ಅಲ್ಲ ಮೇಷ್ಟ್ರೇ, ಬಾಗ್ಲೇ ಎಂತಕ್ಕೆ? ಮ್ಯಾಲೆ ಹಂಚಲ್ದಾ?” ಎಂದರು.

ನಾನೂ ನೋಡಿದೆ. ನಮ್ಮದು ಹಂಚಿನ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಬಂದು ಒಂದೊಂದನ್ನೇ ಎತ್ತಿ ಇಡುವುದನ್ನು ಕೆಳಗೆ ನಿಂತು ನೋಡಿದವನು ನಾನು. ಜೋಡಿಸಿದ್ದನ್ನು ಬಿಟ್ಟರೆ ಅದಕ್ಕೆ ಬೇರೆ ಭದ್ರತೆ ಏನೂ ಇಲ್ಲ. ಮಂಜಪ್ಪಾಚಾರ್ರು ಬಾಗಿಲಿಗೆ ತೂತು ಕೊರೆಯುವಾಗ ನೆರಳಿಗೆಂದು ನಿಂತದ್ದು ಇದೇ ಹಂಚಿನ ಮಾಡಿನ ಕೆಳಗೆ. ಇಷ್ಟು ಜನರಲ್ಲಿ ಒಬ್ಬರೂ ತಲೆ ಎತ್ತಿರಲಿಲ್ಲ.

ಗೌರಕ್ಕನ ಹಿತ್ತಿಲಿನ ಬಿದಿರೇಣಿ ತಂದು ಅಡಿಗೆಮನೆಯ ಮಾಡಿಗೆ ಒರಗಿಸಿದೆ. ಆ ಕಡೆ ಅಟ್ಟವಿಲ್ಲ, ನೇರ ಒಳಗಿಳಿಯಬಹುದು. ಪಂಚೆ ಎತ್ತಿ ಕಟ್ಟಿ ಹತ್ತಿದೆ. ಏಣಿ ಅಲುಗಾಡತೊಡಗಿತು. ಗೌರಕ್ಕನಿಗೆ ಮಂಡಿನೋವು, ಸಾವಿತ್ರಿಗೆ ರೇಷ್ಮೆ ಸೀರೆ, ಡ್ರೈವರ್ ಇನ್ನೂ ಹೋಟೆಲಿನಲ್ಲಿ. ನಾನು ಮಾಡಿನ ಅಂಚನ್ನು ಹಿಡಿದುಕೊಂಡೆ. ಗೌರಕ್ಕ ರಸ್ತೆಯಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದರು. “ಹೋಯ್, ಸ್ವಲ್ಪ ಏಣಿ ಹಿಡ್ಕಳಿ ಮಾರಾಯ್ರೆ.” ಕೈಚೀಲ ನೆಲಕ್ಕಿಟ್ಟ ಸದ್ದು ಕೇಳಿತು. ಏಣಿ ಗಟ್ಟಿಯಾಗಿ ನಿಂತಿತು.

“ಹಂಚು ಇಲ್ಲಿ ಕೊಡಿ, ಹಾಕ್ಬೇಡಿ, ಒಡೀತದೆ,” ಎಂದಿತು ಕೆಳಗಿನ ದನಿ. ಕೊಟ್ಟೆ. ಅವನು ಒಂದೊಂದನ್ನೇ ಇಸಿದುಕೊಂಡು ಗೋಡೆಗೆ ಒರಗಿಸಿ ಇಡುತ್ತಿದ್ದ. “ರೀಪಿನ ಮ್ಯಾಲೆ ಭಾರ ಹಾಕ್ಬೇಡಿ, ಸಣ್ಣ ಪಟ್ಟಿ ಅದು, ಮುರೀತದೆ. ದಪ್ಪದ್ದು ನೋಡಿ ಕಾಲಿಡಿ.” ಇಟ್ಟೆ. ಈ ಕಡೆಯಿಂದ ಸಾವಿತ್ರಿ ಮತ್ತೆ ಬೈಯಲು ಶುರು ಮಾಡಿದ್ದಳು: ನನ್ನ ಎಚ್ಚರಿಕೆ, ನನ್ನ ಬುದ್ಧಿ, ನನ್ನ ಟೈಪ್‌ರೈಟರು ಎಲ್ಲವೂ ಕ್ರಮವಾಗಿ ಬಂದವು. ಗೌರಕ್ಕ, “ಒಳಗೆ ಹೋದೋರು ಹಂಡೆಗಿಂಡೆ ಇದ್ರೆ ಹೊರಗೆ ಕೊಡಿ ಮೇಷ್ಟ್ರೇ, ನಾನು ಮುಚ್ಚಳ ಹಿಡ್ಕಂಡು ಹಿಂದೆ ಓಡಿ ಬರ್ತೀನಿ,” ಎಂದು ದನಿಗೂಡಿಸಿದರು.

ತೂತಿನೊಳಗೆ ಕಾಲು ಇಳಿಬಿಟ್ಟು ಕುಳಿತಾಗ ನನ್ನೊಳಗಿನ ಸಾಕ್ಷಿ ಎಚ್ಚರಗೊಂಡ. ಕೆಳಗಿನವನು ನನ್ನನ್ನು ಒಂದು ಮಾತೂ ಕೇಳಿಲ್ಲ! ಯಾರ ಮನೆ, ಯಾಕೆ ಇಳಿಯುತ್ತಿದ್ದೀರಿ ಎಂದು ಕೇಳಿಲ್ಲ. “ಅಲ್ಲ ಮಾರಾಯ್ರೆ,” ಎಂದೆ ಮೇಲಿನಿಂದ, “ನಾನು ಕಳ್ಳ ಆಗಿದ್ರೆ ಎಂತ ಮಾಡ್ತಿದ್ರಿ?”

ಅವನು ತಲೆ ಎತ್ತಲಿಲ್ಲ, ಏಣಿಯ ಮೇಲೇ ಗಮನ. “ಕಳ್ಳಂಗೆ ಯಾರು ಹಿಂಗೆ ಬೈತಾರೆ ಸ್ವಾಮಿ? ಇಬ್ರು ಹೆಂಗಸ್ರು ಸೇರಿ ಈ ನಮೂನಿ ಬೈತಿದ್ದಾರೆ ಅಂದ್ರೆ ಮನೆ ಯಜಮಾನ್ರೇ ಇರ್ಬೇಕು ಅಂದ್ಕಂಡೆ.”

ನಾನು ಉತ್ತರ ಕೊಡುವ ಮೊದಲೇ ಕೈ ಜಾರಿ ಒಳಗಿನ ಕಟ್ಟೆಯ ಮೇಲೆ ಇಳಿದಿದ್ದೆ. ಹಂಚಿನಡಿಯ ಎಷ್ಟೋ ವರ್ಷಗಳ ಹೊಗೆಮಸಿ ನನ್ನ ಜೊತೆಗೇ ಇಳಿಯಿತು. ಒಳಗಿನಿಂದ ಬಾಗಿಲ ತಿರುಪು ತಿರುಗಿಸಿ ತೆರೆದೆ. ನಾನು ಹೊರಗೆ ಬರುವಷ್ಟರಲ್ಲಿ ಆ ಮನುಷ್ಯ ಚೀಲ ಎತ್ತಿಕೊಂಡು ಹೊರಟುಹೋಗಿದ್ದ. ಅಂಗಿ ಏರಿಸಿ, ಪಂಚೆ ಬದಲಿಸಿ, ಗಿಂಡಿಯನ್ನು ಸಾವಿತ್ರಿಯ ಮಡಿಲಿಗೆ ಕೊಟ್ಟು, ಬಾಗಿಲೆಳೆದು ಜಗ್ಗಿ, ಇನ್ನೊಮ್ಮೆ ಜಗ್ಗಿ ಜೀಪು ಹತ್ತಿದೆ. ಡ್ರೈವರ್ ನರಸಿಂಹರಾಜಪುರದ ದಾರಿಯಲ್ಲಿ ತಿರುವುಗಳೇ ಇಲ್ಲವೆಂಬಂತೆ ಓಡಿಸಿದ.

ಛತ್ರದಲ್ಲಿ ಪುರೋಹಿತರು ನಮ್ಮ ದಾರಿಯನ್ನೇ ನೋಡುತ್ತಿದ್ದರು. ನನ್ನ ಕಿವಿಯ ಮೇಲಿನ ಮಸಿಯನ್ನು ಕಂಡು ಏನೋ ಕೇಳಹೊರಟವರು ಗಡಿಯಾರ ನೋಡಿ ದರ್ಭೆ ಎತ್ತಿಕೊಂಡರು. ಭಾವ ನನ್ನ ಕೈ ಹಿಡಿದು ಮಣೆಯ ಮೇಲೆ ಕೂರಿಸಿದರು. ಮಂತ್ರ ಸಾಗಿತು. ಸಹನಾಳ ಕೈಯ ಕೆಳಗೆ ನನ್ನ ಕೈ. ಮೇಲಿನಿಂದ ಸಾವಿತ್ರಿ ಗಿಂಡಿ ಬಾಗಿಸಿದಳು. ನೀರು ಎಳೆಯಾಗಿ ಬೀಳತೊಡಗಿತು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ನಮ್ಮ ಮನೆ ಬಂತು. ಮುಂಬಾಗಿಲು ಭದ್ರ. ಕಿಟಕಿ ಭದ್ರ. ಹಿಂಬಾಗಿಲು ಭದ್ರ. ಅಡಿಗೆಮನೆಯ ಮಾಡಿನಲ್ಲಿ ಒಬ್ಬ ಮನುಷ್ಯ ಸಲೀಸಾಗಿ ಇಳಿಯುವಷ್ಟು ತೂತು. ತೂತಿಗೆ ಒರಗಿಸಿದ ಏಣಿ. ಎರಡನ್ನೂ ಹಾಗೇ ಬಿಟ್ಟು ಬಂದಿದ್ದೆವು.

ಕೈ ನಡುಗಿತು. ಧಾರೆ ಬೀಳುವಾಗ ಕೈ ತೆಗೆಯುವಂತಿಲ್ಲ. ನನ್ನ ನಡುಕ ಕಂಡು ಭಾವ ಶಲ್ಯದಿಂದ ಕಣ್ಣೊರೆಸಿಕೊಂಡರು. ಹಿಂದೆ ನಿಂತ ಹೆಂಗಸರಲ್ಲಿ ಯಾರೋ, ಹೆತ್ತ ತಂದೆಗಿಂತ ಹೆಚ್ಚು ಎಂದು ಪಿಸುಗುಟ್ಟಿದರು. ತಲೆ ತಗ್ಗಿಸಿದ್ದ ಸಹನಾ ಮಾತ್ರ ನನಗಷ್ಟೇ ಕೇಳುವಂತೆ ಹೇಳಿದಳು. “ಮಾವ, ಬಾಗ್ಲು ಸರಿ ಹಾಕಿದ್ದೀರಲ್ಲ?”

“ಹಾಕಿದ್ದೀನಿ ಮಗ,” ಎಂದೆ. ಸುಳ್ಳಲ್ಲ. ಅವಳ ತುಟಿಯ ಮೂಲೆಯಲ್ಲಿ ನಗು ಕಾಣಿಸಿತು. ಇನ್ನು ಈ ಮಾತನ್ನು ನನ್ನ ಮನೆಯೊಳಗಿಂದ ಕೇಳುವವರು ಯಾರು ಎಂದು ಅನ್ನಿಸಿತು. ಆಮೇಲೆ ಕೈ ನಡುಗಿದ್ದು ಏಣಿಗಾಗಿ ಅಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಪ್ಪಕ್ಕೆ ಬಂದೆವು. ಜೀಪು ನಿಲ್ಲುವ ಮೊದಲೇ ಇಳಿದು ಅಡಿಗೆಮನೆಯ ಕಡೆ ಓಡಿದೆ. ಏಣಿ ಒರಗಿಸಿದ ಜಾಗದಲ್ಲಿ ಇರಲಿಲ್ಲ. ಗೋಡೆಯ ಬುಡದಲ್ಲಿ ಉದ್ದಕ್ಕೆ ಮಲಗಿಸಿ ಇಟ್ಟಿತ್ತು. ತಲೆ ಎತ್ತಿದೆ. ಮಾಡಿನಲ್ಲಿ ತೂತೂ ಇರಲಿಲ್ಲ. ತೆಗೆದ ಹಂಚುಗಳೆಲ್ಲ ಅವುಗಳ ಜಾಗದಲ್ಲಿದ್ದವು. ಮೊದಲೇ ಬಿರುಕುಬಿಟ್ಟಿದ್ದ ಒಂದನ್ನು ಅಂಚಿಗೆ ಹಾಕಿ, ಅಂಚಿನ ಗಟ್ಟಿ ಹಂಚನ್ನು ಅಲ್ಲಿಗೆ ತಂದು ಕೂರಿಸಿತ್ತು. ಸಾವಿತ್ರಿ ಒಳಗೆ ಹೋಗಿ ಎಲ್ಲ ನೋಡಿ ಬಂದು, “ಟೈಪ್‌ರೈಟರ್ ಒಂದೂ ಹೋಗಿಲ್ಲ,” ಎಂದು ಬೇಸರದಿಂದ ವರದಿ ಮಾಡಿದಳು.

ಬೀದಿಯಲ್ಲಿ ಉಳಿದಿದ್ದವರನ್ನೆಲ್ಲ ಕೇಳಿದೆ. ತಾವಲ್ಲ ಎಂದರು. ಮಧ್ಯಾಹ್ನದ ಹೊತ್ತು ಯಾರೋ ಕೈಚೀಲದವರು ಮಾಡಿನ ಮೇಲಿದ್ದದ್ದನ್ನು ಮೂಲೆಮನೆಯವರು ಕಂಡಿದ್ದರಂತೆ. “ನೀವು ಕೇಳಲಿಲ್ವ?” ಎಂದೆ. “ಹಂಚು ಹಾಕ್ತಾ ಇದ್ರು, ತೆಗೀತಾ ಇರ್ಲಿಲ್ಲ. ಎಂತ ಅಂತ ಕೇಳದು?” ಎಂದರು. ಪೇಟೆ ಮುಗಿಸಿ ಅದೇ ದಾರಿಯಲ್ಲಿ ಹಿಂದಿರುಗುವಾಗ ಬಾಯ್ದೆರೆದ ಮಾಡನ್ನೂ, ಒರಗಿಸಿದ ಏಣಿಯನ್ನೂ ಅವನು ಕಂಡಿರಬೇಕು. ನನಗೆ ತಿಳಿದದ್ದು ಅಷ್ಟು.

ಅವನನ್ನು ಹುಡುಕಿ ಒಂದು ಮಾತು ಹೇಳಬೇಕು ಎಂದು ನನ್ನ ಆಸೆ. ಕಳ್ಳರ ಗುಂಡಿಯ ದಾರದ ಬಣ್ಣವನ್ನು ನಾನು ಇವತ್ತಿಗೂ ಹೇಳಬಲ್ಲೆ. ಈ ಮನುಷ್ಯನ ಮುಖವನ್ನು ಮಾತ್ರ ನಾನು ನೋಡಲೇ ಇಲ್ಲ. ಮೇಲಿನಿಂದ ಕಂಡದ್ದು ಅವನ ನೆತ್ತಿ ಒಂದೇ: ಎಣ್ಣೆ ಹಾಕಿ ಬಾಚಿದ ಕೂದಲು, ನಡುವೆ ಬಲಕ್ಕೆ ತಿರುಗಿದ ಒಂದು ಸುಳಿ. ಆದ್ದರಿಂದ ಈಗ ನಾನು ಕೊಪ್ಪದ ಬಸ್‌ಸ್ಟ್ಯಾಂಡಿಗೆ ಹೋದಾಗ ಹೋಟೆಲಿನ ಎತ್ತರದ ಜಗಲಿಯ ಮೇಲೆ ನಿಂತು ಕೆಳಗೆ ಹೋಗಿಬರುವವರ ತಲೆಗಳನ್ನು ಒಂದೊಂದಾಗಿ ನೋಡುತ್ತೇನೆ. ಬಾಗಿ ಚಪ್ಪಲಿ ಹಾಕಿಕೊಳ್ಳುವವರ ಹತ್ತಿರ ಹೋಗಿ ನಿಲ್ಲುತ್ತೇನೆ. ಮೊನ್ನೆ ಹಾಗೆಯೇ ನಿಂತಿದ್ದಾಗ ಪಕ್ಕದ ಅಂಗಡಿಯವನು ನನ್ನನ್ನು ಬಹಳ ಹೊತ್ತು ಗಮನವಿಟ್ಟು ನೋಡಿದ. ಆಮೇಲೆ ಒಳಗೆ ಹೋಗಿ, ತನ್ನ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಹಿಡಿದು ಒಮ್ಮೆ ಜಗ್ಗಿ ನೋಡಿದ.